ಬಿನ್ ಒಮ್ರಾನಿನಲ್ಲಿ ಡೈಚ್ ಪ್ರಸಂಗ

ದೋಹಾದ ಬಿನ್ ಒಮ್ರಾನ್ ಬಡಾವಣೆಯಲ್ಲಿ ನಾವಿದ್ದ ಮನೆ ಎರಡನೆಯ ಮಹಡಿಯಲ್ಲಿತ್ತೋ ಮೂರನೆಯದರಲ್ಲೋ ಎಂಬ ಬಗ್ಗೆ ನನಗೂ ನನ್ನ ಹೆಂಡತಿ ಪ್ರಮೀಳಾಳಿಗೂ ಈಗಲೂ ಒಮ್ಮತವಿಲ್ಲ. ಹೋದ ವರ್ಷ ಒಂದು ಮದುವೆ ಮುಗಿಸಿ ಒಬ್ಬನೇ ಮರಳುವಾಗ ದೋಹಾದಲ್ಲಿ ವಿಮಾನ ಬದಲಿಸಬೇಕಿತ್ತು. ಒಂಬತ್ತು ಗಂಟೆ ಬಿಡುವು. ಈ ವಾದವಾದರೂ ತೀರಲಿ ಎಂದು ಟ್ಯಾಕ್ಸಿ ಹಿಡಿದು ಹೋದೆ. ಕಟ್ಟಡವೇ ಇರಲಿಲ್ಲ. ತಗಡಿನ ಬೇಲಿ, ಬೇಲಿಯೊಳಗೆ ಮಣ್ಣು, ಮಣ್ಣಿನ ಮೇಲೆ ನಾಲ್ಕೈದು ಕಾರು. ರಂಜಾನ್ ನಡೆಯುತ್ತಿತ್ತು. ಎದುರಿನ ಕೆಫೆಟೇರಿಯಾದ ಶಟರು ಅರ್ಧ ಇಳಿದಿತ್ತು. ಒಳಗೆ ಯಾರೋ ಸಂಜೆಗೆಂದು ಸಮೋಸ ಕರಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದಾಗ ಎಲ್ಲವೂ ಕಣ್ಣಮುಂದೆ ಬಂದಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಂದದ್ದು ಒಂದೇ: ನಮ್ಮ ಹಳೆಯ ಕಂಪ್ಯೂಟರಿನ ಪರದೆಯ ಮೇಲೆ ಒಂದು ಹಸಿರು ಗೆರೆ, ಅದು ಬೂದು ಬಣ್ಣಕ್ಕೆ ತಿರುಗಿದ್ದು. ಉಳಿದದ್ದನ್ನು ಆಮೇಲೆ ಪ್ರಮೀಳಾಳನ್ನು ಕೇಳಿ, ಮಗಳನ್ನು ಕೇಳಿ ಜೋಡಿಸಿಕೊಂಡಿದ್ದೇನೆ. ಮೂವರ ನೆನಪು ಹೊಂದದ ಕಡೆ ಹಾಗೇ ಬಿಟ್ಟಿದ್ದೇನೆ.

ಅದು 2005. ನಾನಾಗ ಇಂಗ್ಲಿಷ್ ಕಲಿಸುವ ಒಂದು ಖಾಸಗಿ ಸಂಸ್ಥೆಯಲ್ಲಿ ಗುಮಾಸ್ತ. ಕೆಲಸಕ್ಕೆ ಹೊಸದಾಗಿ ಸೇರಿದ ಸ್ಥಳೀಯ ಹುಡುಗರಿಗೆ ಅವರವರ ಕಂಪೆನಿಗಳು ನಮ್ಮಲ್ಲಿ ಆರು ತಿಂಗಳು ಇಂಗ್ಲಿಷ್ ಪಾಠ ಹೇಳಿಸುತ್ತಿದ್ದವು. ಮಾಲೀಕರು ಕತಾರಿ, ಎಲ್ಲರೂ ಅವರನ್ನು ಮುದೀರ್ ಎನ್ನುತ್ತಿದ್ದರು. ಅವರೇ ನಮ್ಮೆಲ್ಲರ ಸ್ಪಾನ್ಸರ್. ಅವರ ಸಹಿಯಿಲ್ಲದೆ ಯಾರೂ ದೇಶ ಬಿಟ್ಟು ಹೊರಡುವಂತಿರಲಿಲ್ಲ. ಆ ಸಹಿಯ ಕಾಗದಕ್ಕೆ ಎಕ್ಸಿಟ್ ಪರ್ಮಿಟ್ ಎಂದು ಹೆಸರು. ಆ ವರ್ಷದಿಂದ ಪರ್ಮಿಟ್ ಅರ್ಜಿಗಳನ್ನು ತುಂಬಿಸಿ ಮುದೀರ್ ಮೇಜಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಎಲ್ಮರ್ ನಮ್ಮಲ್ಲಿ ಮಾಸ್ತರರಾಗಿ ಬಂದದ್ದು ಅದರ ಹಿಂದಿನ ವರ್ಷ. ಅಮೆರಿಕದ ಪೆನ್ಸಿಲ್ವೇನಿಯಾದವರು, ಅರುವತ್ತೊಂಬತ್ತು ವಯಸ್ಸು, ಎತ್ತರದ ಆಳು, ಒಂದು ಭುಜ ಸ್ವಲ್ಪ ಇಳಿದಿತ್ತು. ಎಂಥ ಸೆಕೆಯಲ್ಲೂ ಟೈ ಬಿಡುತ್ತಿರಲಿಲ್ಲ. ಒಂದು ದಿನ ನಾನು ಫೋನಿನಲ್ಲಿ ಪ್ರಮೀಳಾಳ ಜೊತೆ ತುಳುವಿನಲ್ಲಿ ಮಾತಾಡುತ್ತಿದ್ದೆ. ಅವರು ಹಾಜರಿ ಪುಸ್ತಕಕ್ಕೆ ಕಾಯುತ್ತ ನಿಂತಿದ್ದವರು, ಫೋನ್ ಇಟ್ಟ ಮೇಲೆ ಕೇಳಿದರು:

"ಇದು ಯಾವ ಭಾಷೆ?"

"ಏನಿಲ್ಲ ಸರ್, ಬರೇ ಮನೆಮಾತು."

"ಇನ್ನೊಮ್ಮೆ ಹೇಳಿ."

"ಏನನ್ನು?"

"‘ಏನಿಲ್ಲ, ಬರೇ’ ಅಂದಿರಲ್ಲ, ಅದನ್ನು. ನಲವತ್ತು ವರ್ಷ ನಾನೂ ಹಾಗೇ ಹೇಳುತ್ತಿದ್ದೆ."

ಅವರ ಮನೆಮಾತಿಗೆ ಅವರು ಡೈಚ್ ಎನ್ನುತ್ತಿದ್ದರು. ಇನ್ನೂರೈವತ್ತು ವರ್ಷಗಳ ಹಿಂದೆ ಜರ್ಮನಿಯಿಂದ ಹೋಗಿ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ರೈತರ ಭಾಷೆ. ಜರ್ಮನಿಯಲ್ಲಿ ಆಡಿದರೆ ಹಳ್ಳಿಗಮಾರ ಎಂದು ನಗುತ್ತಾರೆ, ಅಮೆರಿಕದಲ್ಲಿ ಆಡಿದರೆ ಇಂಗ್ಲಿಷ್ ಬಾರದವನೆಂದು ನಗುತ್ತಾರೆ ಎಂದು ಅವರೇ ಹೇಳಿದ್ದರು. ಹೊಲದಲ್ಲಿ ಬೆಳೆದವರು. ಶಾಲೆಗೆ ಸೇರುವವರೆಗೆ ಇಂಗ್ಲಿಷ್ ಕಿವಿಗೆ ಬಿದ್ದಿರಲಿಲ್ಲ. ಶಾಲೆಯಲ್ಲಿ ಡೈಚ್ ಬಾಯಿಂದ ಬಂದರೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದರಂತೆ. ಮುಂದೆ ಓದಿ ಪಾದ್ರಿಯಾದರು. ಎರಡು ಸಣ್ಣ ಊರುಗಳ ಸಭೆ ನೋಡಿಕೊಂಡರು, ಜೊತೆಗೆ ಹೈಸ್ಕೂಲಿನಲ್ಲಿ ಪುಸ್ತಕದ ಜರ್ಮನ್ ಕಲಿಸಿದರು. ಮಕ್ಕಳ ಉತ್ತರಪತ್ರಿಕೆಯಲ್ಲಿ ಅಜ್ಜ-ಅಜ್ಜಿಯರ ಶಬ್ದ ನುಸುಳಿದಾಗ ಕೆಂಪು ಗೆರೆ ಎಳೆದೆಳೆದು ಒಂದು ದಿನ ಕೈ ನಿಂತಿತಂತೆ. ಅಲ್ಲಿಂದ ಮುಂದೆ ಚರ್ಚಿನ ನೆಲಮಾಳಿಗೆಯಲ್ಲಿ ವಾರಕ್ಕೊಂದು ಡೈಚ್ ತರಗತಿ, ಊರಿನ ಪತ್ರಿಕೆಯಲ್ಲಿ ಡೈಚ್ ಅಂಕಣ, ಶೂ ಪೆಟ್ಟಿಗೆಗಳ ತುಂಬ ಶಬ್ದ ಬರೆದ ಚೀಟಿ. ಮತ್ತು ವರ್ಷಕ್ಕೊಮ್ಮೆ, ಅಕ್ಟೋಬರಿನ ಒಂದು ಭಾನುವಾರ, ಚರ್ಚಿನಲ್ಲಿ ಪೂರ್ತಿ ಡೈಚ್ ಆರಾಧನೆ; ಪಾದ್ರಿಯ ಉಪದೇಶ, ಅಂದರೆ ಪ್ರಸಂಗ, ಕೂಡ ಡೈಚ್‌ನಲ್ಲೇ.

"ಈಗ ಇಲ್ಲಿ ಬಂದು ಏನು ಮಾಡುತ್ತಿದ್ದೇನೆ ನೋಡಿ," ಎನ್ನುತ್ತಿದ್ದರು. "ಇಂಗ್ಲಿಷ್ ಕಲಿಸುತ್ತಿದ್ದೇನೆ."

ಹೆಂಡತಿ ತೀರಿಕೊಂಡಿದ್ದರು, ಮನೆ ಖಾಲಿ ಎನಿಸಿತ್ತು, ಯಾರೋ ಪರಿಚಯದವರು ಇಲ್ಲಿ ಕೆಲಸವಿದೆ ಎಂದರು, ಬಂದರು. ಅದಕ್ಕಿಂತ ಹೆಚ್ಚಿನ ಕಾರಣವನ್ನು ನಾನು ಕೇಳಲಿಲ್ಲ.

ನಾವು ಮಂಗಳೂರು, ಉಡುಪಿ ಕಡೆಯ ಹಳೆಯ ಜರ್ಮನ್ ಮಿಶನ್ನಿನ ಕ್ರೈಸ್ತರು. ಮನೆಯಲ್ಲಿ ತುಳು, ದೇವರೆದುರು ಕನ್ನಡ. ಶುಕ್ರವಾರ ರಜೆಯಾದ್ದರಿಂದ ದೋಹಾದಲ್ಲಿ ನಮ್ಮ ಭಾನುವಾರದ ಆರಾಧನೆ ಶುಕ್ರವಾರವೇ ನಡೆಯುತ್ತಿತ್ತು. ಹನ್ನೆರಡು ಜನ ಯಾರದಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಬಹಿರಂಗ ಆರಾಧನೆಗೆ ಅನುಮತಿ ಇಲ್ಲದ, ಮೊದಮೊದಲು ಬಂದವರ ಕಾಲದಿಂದ ಒಂದು ಅಭ್ಯಾಸ ಉಳಿದಿತ್ತು: ಫೋನಿನಲ್ಲಿ ಪ್ರಾರ್ಥನೆ, ಚರ್ಚು ಎನ್ನುತ್ತಿರಲಿಲ್ಲ. "ಈ ಶುಕ್ರವಾರ ಊಟ ಯಾರ ಮನೆಯಲ್ಲಿ?" ಎಂದು ಕೇಳುತ್ತಿದ್ದೆವು. ಚಪ್ಪಲಿಗಳನ್ನು ಹೊರಗೆ ರಾಶಿ ಹಾಕದೆ ಒಳಗೇ ತಂದಿಡುತ್ತಿದ್ದೆವು. ಆ ವರ್ಷ ಚರ್ಚು ಕಟ್ಟಲು ಸರಕಾರವೇ ಜಾಗ ಕೊಟ್ಟಿದೆ ಎಂಬ ಸುದ್ದಿ ಎಲ್ಲರ ಬಾಯಲ್ಲಿತ್ತು. ಯಾರೂ ನಮ್ಮನ್ನು ಯಾವತ್ತೂ ಏನೂ ಕೇಳಿರಲಿಲ್ಲ. ಆದರೂ ಚಪ್ಪಲಿ ಒಳಗೇ.

ಎಲ್ಮರ್ ಮೊದಲ ಸಲ ಬಂದ ಶುಕ್ರವಾರ ನಾವು ಕನ್ನಡದಲ್ಲಿ ಕೀರ್ತನೆ ಹಾಡುತ್ತಿದ್ದಾಗ ಅವರು ಕಣ್ಣು ಮುಚ್ಚಿ ಕೆಳದನಿಯಲ್ಲಿ ಸೇರಿಕೊಂಡರು. ರಾಗ ಅವರ ಅಜ್ಜಿಯದು, ನಮ್ಮ ಅಜ್ಜಿಯದೂ. ಆಮೇಲೆ ವಾರವಾರ ಬಂದರು. ನನ್ನ ಮಗಳು ರೀನಾ ಆಗ ನಾಲ್ಕನೆಯ ತರಗತಿ. ಇಂಗ್ಲಿಷ್ ಶಾಲೆ, ಮನೆಯಲ್ಲಿ ತುಳು ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅವಳ ಕೆದರಿದ ಕೂದಲು ನೋಡಿ ಎಲ್ಮರ್ "ಶ್ಟ್ರುವ್ಲಿಖ್" ಎಂದರು. ಅವಳಿಗೆ ಆ ಶಬ್ದ ಬಹಳ ಹಿಡಿಸಿ, ಬೆಳಿಗ್ಗೆ ಎದ್ದ ಕೂಡಲೆ ಅಮ್ಮನಿಗೆ ಶ್ಟ್ರುವ್ಲಿಖ್ ಎನ್ನತೊಡಗಿದಳು. "ತುಳುವಿನಲ್ಲಿ ಇದಕ್ಕೇನನ್ನುತ್ತಾರೆ?" ಎಂದು ಎಲ್ಮರ್ ಕೇಳಿದರು. ಅವಳು ನನ್ನ ಮುಖ ನೋಡಿದಳು. ನನಗೂ ತಟ್ಟನೆ ಹೊಳೆಯಲಿಲ್ಲ.

ಅವರ ಡೈಚ್ ತರಗತಿಯಲ್ಲಿ ಒಂದು ನಿಯಮವಿತ್ತಂತೆ. ಬಾಯಿತಪ್ಪಿ ಇಂಗ್ಲಿಷ್ ಶಬ್ದ ಬಂದವರು ಎದ್ದು ನಿಲ್ಲಬೇಕು; ಇಂಗ್ಲಿಷ್ ಬೆರಸದೆ ಒಂದು ಕತೆ ಹೇಳಿದರೆ ಮಾತ್ರ ಕೂರಬಹುದು. ಆ ನಿಯಮವನ್ನು ನಮ್ಮ ಶುಕ್ರವಾರದ ಚಹಾಕ್ಕೆ ತಂದರು. ಹತ್ತು ನಿಮಿಷದಲ್ಲಿ ಹನ್ನೆರಡು ಜನವೂ ಚಹಾದ ಕಪ್ಪು ಹಿಡಿದು ನಿಂತಿದ್ದೆವು. ಅಷ್ಟರಲ್ಲಿ ಉಸ್ಮಾನಾಕ ಬಂದರು. ಕೆಳಗೆ ಅವರದೊಂದು ಅಂಗಡಿ: ದಿನಸಿ, ಫೋನ್ ಕಾರ್ಡು. ಬಂಟ್ವಾಳದ ಬ್ಯಾರಿಗಳು, ದೋಹಾಕ್ಕೆ ಬಂದು ಇಪ್ಪತ್ತೈದು ವರ್ಷ. ಜುಮ್ಮಾ ನಮಾಜು ಮುಗಿಸಿ ನಮ್ಮಲ್ಲಿಗೆ ಚಹಾಕ್ಕೆ ಬರುವುದು ವಾಡಿಕೆ.

"ಎಂತ ಮಾರಾಯ್ರೆ, ಎಲ್ಲ ನಿಂತಿದ್ದೀರಿ? ಯಾರಾದ್ರೂ ಬಂದಿದ್ದಾರಾ?"

"ಇಂಗ್ಲಿಷ್ ಶಬ್ದ ಬಂದ್ರೆ ನಿಲ್ಲಬೇಕಂತೆ ಉಸ್ಮಾನಾಕ," ಎಂದಳು ಪ್ರಮೀಳಾ. "ಪಾದ್ರಿ ಮಾಸ್ಟ್ರ ಕಾನೂನು."

"ಅಷ್ಟೇಯಾ? ಅದೆಂತ ದೊಡ್ಡ ಸಂಗತಿ! ನೋಡಿ, ನಾನು ಕೂತೆ." ಸೋಫಾದ ನಡುವೆ ಕೂತರು. ಊರಿನ ಮಳೆ, ಮಗಳ ಬಾಣಂತನ, ಭಾವನ ಜಗಳ ಎಲ್ಲವನ್ನೂ ಐದು ನಿಮಿಷ ಶುದ್ಧವಾಗಿ ಹೇಳಿದರು. ಆಗ ಅವರ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. "ಹಲೋ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಹಲೋ ಇಂಗ್ಲಿಷಾ? ಯಾರು ಹೇಳಿದ್ದು? ಅದು ನಮ್ಮ ಅಜ್ಜನ ಕಾಲದ ಶಬ್ದ!" ಎಂದು ವಾದಿಸುತ್ತಲೇ ಎದ್ದು ನಿಂತರು.

ಮೂಲೆಯಲ್ಲಿ ನಿಲ್ಲಿಸಿದ ಶಾಲೆಯ ಮಾತನ್ನು ಎಲ್ಮರ್ ಹೇಳಿದ್ದು ಆ ದಿನವೇ ಎಂದು ನಾನು ಬಹಳ ಕಾಲ ನಂಬಿದ್ದೆ. ಪ್ರಮೀಳಾ ಅಲ್ಲ ಎನ್ನುತ್ತಾಳೆ. ಅದು ಬೇರೆ ಯಾವತ್ತೋ ಆದದ್ದು, ಎರಡನ್ನೂ ಅಂಟಿಸಿದ್ದು ನಾನೇ ಅಂತೆ. ಇರಬಹುದು.

ಸೆಪ್ಟೆಂಬರಿನಲ್ಲಿ ಎಲ್ಮರ್ ತಮ್ಮ ರಜೆಯ ಅರ್ಜಿ ಕೊಟ್ಟರು. ಅಕ್ಟೋಬರಿನ ಭಾನುವಾರದ ಆರಾಧನೆಗೆ ಹೋದ ವರ್ಷ ಹೋಗಿಬಂದ ಹಾಗೆ ಈ ವರ್ಷವೂ ಹೋಗಬೇಕು. ನಾಲ್ಕೇ ದಿನ.

"ನಾಲ್ಕು ದಿನಕ್ಕೆ ಅಷ್ಟು ದೂರವಾ ಸರ್?"

"ಚರ್ಚಿನ ಕಮಿಟಿಯವರು ಹೋದ ವರ್ಷವೇ ಹೇಳಿದ್ದಾರೆ. ಎಲ್ಮರ್, ನೀನು ಬರುವಷ್ಟು ಕಾಲ ಇದನ್ನು ಇಟ್ಟುಕೊಳ್ಳುತ್ತೇವೆ. ನೀನು ಬಾರದ ವರ್ಷ ನಿಲ್ಲಿಸುತ್ತೇವೆ, ಅಂತ." ಅವರು ಇದನ್ನು ದೂರಿನಂತೆ ಹೇಳಲಿಲ್ಲ. "ಅವರದು ತಪ್ಪೇನಿಲ್ಲ. ಬರುವವರು ಇಪ್ಪತ್ತು ಜನ. ಡೈಚ್‌ನಲ್ಲಿ ಪ್ರಸಂಗ ಮಾಡುವವನು ನಾನೊಬ್ಬ. ಒಮ್ಮೆ ಕ್ಯಾಲೆಂಡರಿನಿಂದ ತೆಗೆದರೆ ಮತ್ತೆ ಯಾರು ಸೇರಿಸುತ್ತಾರೆ?"

ಅಕ್ಟೋಬರಿನಲ್ಲಿ, ಹೊರಡುವ ವಾರದ ಸೋಮವಾರ ಅವರು ಪರ್ಮಿಟ್ ಅರ್ಜಿ ತುಂಬಿಸಿ ನನ್ನ ಮೇಜಿನ ಮೇಲಿಟ್ಟು ಹೋದರು. ಗುರುವಾರ ವಿಮಾನ. ಅರ್ಜಿಯಲ್ಲಿ ‘ಪ್ರಯಾಣದ ಕಾರಣ’ ಎಂದೊಂದು ಸಾಲಿತ್ತು. ಅಲ್ಲಿ ಅವರು ದೊಡ್ಡ ಅಕ್ಷರದಲ್ಲಿ ‘ಚರ್ಚ್ ಆರಾಧನೆ’ ಎಂದು ಬರೆದಿದ್ದರು.

ನನಗೆ ಬೆವರಿತು. ಇದು ಅತಿಶಯೋಕ್ತಿಯಲ್ಲ; ಏಸಿ ಕೋಣೆಯಲ್ಲಿ ಕುತ್ತಿಗೆ ಒದ್ದೆಯಾದದ್ದು ನೆನಪಿದೆ. ರಂಜಾನ್ ತಿಂಗಳು, ಮುದೀರ್ ಮೇಜು, ನನ್ನ ಕೈಯಿಂದ ಹೋಗುವ ಕಾಗದ, ಅದರ ಮೇಲೆ ಆ ಶಬ್ದ. ಒಂಬತ್ತು ವರ್ಷ ಫೋನಿನಲ್ಲಿ ಊಟ ಎಂದವನು ನಾನು. ಹೊಸ ಅರ್ಜಿ ತೆಗೆದು ಎಲ್ಲವನ್ನೂ ನಕಲು ಮಾಡಿ ಆ ಸಾಲನ್ನು ಮಾತ್ರ ಖಾಲಿ ಬಿಟ್ಟೆ. ಏನು ಬರೆಯುವುದೆಂದು ಇದ್ರೀಸ್‌ನನ್ನು ಕೇಳೋಣ ಎಂದುಕೊಂಡೆ. ಇದ್ರೀಸ್ ನಮ್ಮ ಮಂದೂಬ್, ಎಂದರೆ ಸರಕಾರಿ ಕಚೇರಿಗಳಿಗೆ ಓಡಾಡಿ ಕಾಗದಪತ್ರ ಮಾಡಿಸಿ ತರುವವನು. ಸುಡಾನಿನವನು, ಅವನಿಗೆ ತಿಳಿಯದ ಕಾಗದವಿಲ್ಲ. ಸೋಮವಾರ ಅವನು ಹೊರಗಿದ್ದ. ಮಂಗಳವಾರ ದಿನವಿಡೀ ವೀಸಾ ಕಚೇರಿಯಲ್ಲಿದ್ದ. ಅರ್ಜಿ ನನ್ನ ಡ್ರಾಯರಿನಲ್ಲಿತ್ತು. ಬುಧವಾರ ಬೆಳಿಗ್ಗೆ ಸಿಕ್ಕಿದ. ವಿಷಯ ಹೇಳಿದೆ. ನಗತೊಡಗಿದ.

"ಯಾ ಎಡ್ವಿನ್! ಆ ಸಾಲನ್ನು ಯಾರೂ ಓದುವುದಿಲ್ಲ. ಆನೆ ಸಾಕಲು ಹೋಗುತ್ತೇನೆ ಅಂತ ಬರಿ, ಸಹಿ ಬೀಳ್ತದೆ. ಯಲ್ಲಾ, ತಗೊಂಡು ಹೋಗು."

‘ಕುಟುಂಬದ ಸಮಾರಂಭ’ ಎಂದು ಬರೆದು ಮೇಲಕ್ಕೆ ಓಡಿದೆ. ಮುದೀರ್ ಕೋಣೆಯ ದೀಪ ಆರಿಸಲಾಗಿತ್ತು. ಸೆಕ್ರೆಟರಿ ಕಪಾಟಿಗೆ ಬೀಗ ಹಾಕುತ್ತಿದ್ದ. ರಂಜಾನಿನ ಕೊನೆಯ ಹತ್ತು ದಿನಕ್ಕೆಂದು ಮುದೀರ್ ಕುಟುಂಬ ಸಮೇತ ಮಕ್ಕಾಕ್ಕೆ ಹೊರಟಾಗಿತ್ತು, ಅರ್ಧ ಗಂಟೆಯಾಗಿತ್ತಷ್ಟೆ. ಈದ್ ಮುಗಿಸಿಯೇ ಬರುವುದು. ಸಹಿ ಮಾಡುವ ಅಧಿಕಾರ ಬೇರೆ ಯಾರಿಗೂ ಇಲ್ಲ.

"ನಿನ್ನೆ ಒಂದು ಫೈಲ್ ತುಂಬ ಸಹಿ ಮಾಡಿಕೊಟ್ಟರು. ನೀನೇಕೆ ತರಲಿಲ್ಲ?" ಎಂದು ಸೆಕ್ರೆಟರಿ ಕೇಳಿದ.

ಎಲ್ಮರ್ ಅವರಿಗೆ ನಾನು ಹೇಳಿದ್ದು ಇಷ್ಟು: "ರಂಜಾನ್ ಅಲ್ಲವಾ ಸರ್. ಮುದೀರ್ ಮಕ್ಕಾಕ್ಕೆ ಹೋದರು. ಸಹಿಯಾಗಲಿಲ್ಲ."

ಅವರು ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದರು. "ಹೋದ ವರ್ಷ ಒಂದೇ ದಿನದಲ್ಲಿ ಸಿಕ್ಕಿತ್ತು," ಎಂದರು. ಕನ್ನಡಕವನ್ನು ಟೈಯ ತುದಿಯಿಂದ ಒರಸುತ್ತ, "ರಂಜಾನ್ ಹೋದ ವರ್ಷವೂ ಇತ್ತು."

ನಾನು ಸಹಿಯಿಲ್ಲದ ಅರ್ಜಿಯನ್ನು ಫೈಲಿಗೆ ಸೇರಿಸಿದೆ.

ನೆಟ್‌ಫೋನಿನ ಉಪಾಯ ಯಾರದು ಎಂಬುದರಲ್ಲೂ ಎರಡು ಮಾತಿದೆ. ನಾನೇ ಹೇಳಿದೆ ಎಂದು ನನ್ನ ನೆನಪು. ಎರಡು ದಿನ ಡ್ರಾಯರಿನಲ್ಲಿಟ್ಟ ಅರ್ಜಿಗೆ ಏನಾದರೂ ಪರಿಹಾರ ಮಾಡಬೇಕಿತ್ತಲ್ಲ. ಪ್ರಮೀಳಾಳ ಪ್ರಕಾರ ಉಸ್ಮಾನಾಕನೇ ಹೇಳಿದ್ದು. ಆಗ ಕಂಪ್ಯೂಟರಿನ ಮೂಲಕ ದೂರದೇಶಕ್ಕೆ ಮಾತಾಡುವುದು ಕದ್ದುಮುಚ್ಚಿ ಮಾಡುವ ಕೆಲಸ. ಗೊತ್ತಿದ್ದವರು ಅಂಗಡಿಗಳಿಂದ ಕಾರ್ಡು ತಂದು ಮಾಡುತ್ತಿದ್ದರು. ಉಸ್ಮಾನಾಕ ಶುಕ್ರವಾರವೇ ಬಂದು ನಮ್ಮ ಕಂಪ್ಯೂಟರಿಗೆ ಮೈಕು, ಸ್ಪೀಕರು ಎಲ್ಲ ಜೋಡಿಸಿದರು.

"ಇಲ್ಲಿ ಹಸಿರು ಗೆರೆ ಉಂಟಲ್ಲ, ಅದು ಇದ್ದರೆ ಆಚೆಯವರಿಗೆ ಕೇಳ್ತದೆ. ಬೂದಿ ಬಣ್ಣ ಆದ್ರೆ ಖಲಾಸ್. ಆಗ ಪುನಃ ಈ ನಂಬರು ಒತ್ತಿ. ನಿಮ್ಮ ಕೆಲಸ ಅಷ್ಟೇ ಎಡ್ವಿನ್, ಗೆರೆ ನೋಡುವುದು. ಬೇರೆ ಎಂತ ಸಾ ಮಾಡ್ಬೇಡಿ."

"ಲೈನು ನಿಲ್ತದಾ?"

"ನಿಲ್ಲಬೇಕು. ದುಆ ಮಾಡುವ. ನೀವು ನಿಮ್ಮದು ಮಾಡಿ, ನಾನು ನನ್ನದು."

ಅಲ್ಲಿ ಬೆಳಿಗ್ಗೆ ಒಂಬತ್ತೂಮುಕ್ಕಾಲಕ್ಕೆ ಆರಾಧನೆ. ನಮಗೆ ಸಂಜೆ ನಾಲ್ಕೂಮುಕ್ಕಾಲು. ಚರ್ಚಿನಲ್ಲಿ ಆರ್ಗನ್ ನುಡಿಸುವ ಡೋರಿಸ್ ಎಂಬ ಹೆಂಗಸು ಅಲ್ಲಿನ ಫೋನನ್ನು ಮೈಕಿನ ಎದುರು ಹಿಡಿಯುವುದು, ಮೊದಲಿಗೇ ಪ್ರಸಂಗ ನಡೆಯುವುದು, ಹಾಡು ಆಮೇಲೆ ಎಂದು ನಿಶ್ಚಯವಾಗಿತ್ತು. ಭಾನುವಾರ ನಮಗೆ ಕೆಲಸದ ದಿನ, ಆದರೆ ರಂಜಾನ್ ಆದ್ದರಿಂದ ಎರಡು ಗಂಟೆಗೆ ಬಿಡುಗಡೆ. ಮನೆಯಲ್ಲಿ ಸೇರಿದ್ದು ಐದೇ ಜನ: ಎಲ್ಮರ್, ನಾನು, ಪ್ರಮೀಳಾ, ರೀನಾ, ಉಸ್ಮಾನಾಕ. ಎದುರಿನ ಕೆಫೆಟೇರಿಯಾದ ಸಮೋಸದ ವಾಸನೆ ಕಿಟಕಿಯಿಂದ ಬರುತ್ತಿತ್ತು. ಉಪವಾಸವಿದ್ದ ಉಸ್ಮಾನಾಕ, "ಈ ಕಿಟಕಿ ಮುಚ್ಚಿ ಮಾರಾಯ್ರೆ, ನನ್ನ ಪರೀಕ್ಷೆ ಮಾಡ್ಬೇಡಿ," ಎಂದದ್ದು ನೆನಪಿದೆ. ಎಲ್ಮರ್ ಕಪ್ಪು ಕೋಟು ಹಾಕಿದ್ದರು. ರೀನಾ ಈಗ ಕೇಳಿದರೆ ನೀಲಿ ಅಂಗಿ ಎನ್ನುತ್ತಾಳೆ.

ಹೇಳಿದ ಹೊತ್ತಿಗೆ ಲೈನು ಸಿಕ್ಕಿತು. ಡೋರಿಸಳ ದನಿ, ಅದರ ಹಿಂದೆ ಬೆಂಚುಗಳ ಕಿರುಗುಟ್ಟುವಿಕೆ, ಯಾರದೋ ಕೆಮ್ಮು. "ಎಲ್ಮರ್, ನಾವು ರೆಡಿ," ಎಂದಳು. ಗುಂಯ್‌ಗುಟ್ಟುತ್ತದೆಂದು ನಮ್ಮ ಸ್ಪೀಕರನ್ನು ಬಂದ್ ಮಾಡಿದೆವು. ಇನ್ನು ಆಚೆಯ ಸದ್ದು ನಮಗಿಲ್ಲ, ಗೆರೆ ಮಾತ್ರ.

ಎಲ್ಮರ್ ಮೈಕು ಕೈಯಲ್ಲಿ ಹಿಡಿದು ಪರದೆಗೆ ಬೆನ್ನು ಹಾಕಿ ನಿಂತರು. ಯಂತ್ರದ ಮುಖ ನೋಡಿ ಮಾತು ಬರುವುದಿಲ್ಲ, ಜನ ಬೇಕು ಎಂದರು. ನಮ್ಮ ಸೋಫಾದ ಕಡೆ ತಿರುಗಿ ಪ್ರಾರಂಭಿಸಿದರು. ನಮಗೆ ಒಂದಕ್ಷರ ತಿಳಿಯಲಿಲ್ಲ. ತರಗತಿಯಲ್ಲಿ ಹಾಜರಿ ಕೂಗುವ ಎಲ್ಮರ್ ಅಲ್ಲ ಅದು. ದನಿ ಅಗಲವಾಗಿತ್ತು, ಇಳಿದ ಭುಜ ಎಲ್ಲಿ ಹೋಯಿತೋ. ಒಂದು ಕಡೆ ತಾವೇ ನಕ್ಕರು, ಆಚೆಯವರ ನಗುವಿಗೆ ಜಾಗ ಬಿಟ್ಟು ನಿಂತರು, ಮುಂದುವರಿಸಿದರು.

ಹತ್ತು ನಿಮಿಷವಾಗಿರಬಹುದು, ಎದುರಿನ ಮಸೀದಿಯಿಂದ ಸೂರ್ಯ ಮುಳುಗುವ ಹೊತ್ತಿನ ಮಗ್ರಿಬ್ ಬಾಂಗು ಶುರುವಾಯಿತು. ಎಲ್ಮರ್ ತರಗತಿಯಲ್ಲಿ ಮಾಡುವ ಹಾಗೆಯೇ ಮಾತು ನಿಲ್ಲಿಸಿ ತಲೆ ತಗ್ಗಿಸಿದರು. ಉಸ್ಮಾನಾಕ ಸದ್ದಿಲ್ಲದೆ ಒಂದು ಖರ್ಜೂರ ಬಾಯಿಗಿಟ್ಟು ನೀರು ಕುಡಿದರು. ನಾನು ಪರದೆಯ ಕಡೆ ನೋಡಿದೆ. ಗೆರೆ ಬೂದಿಯಾಗಿತ್ತು.

ಬಾಂಗು ಮುಗಿಯುವುದರೊಳಗೆ ನಂಬರು ಮತ್ತೆ ಒತ್ತಿದೆ. ಇಲ್ಲ. ಮತ್ತೆ ಒತ್ತಿದೆ. ಉಪವಾಸ ಬಿಡುವ ಹೊತ್ತಿಗೆ ಊರಿಗೆ ಫೋನು ಮಾಡುವವರು ಇಡೀ ದೋಹಾದಲ್ಲಿ ಎಷ್ಟಿರಬೇಡ! ಮೂರನೆಯ ಸಲವೂ ಇಲ್ಲ. ಬಾಂಗು ಮುಗಿಯಿತು. ಎಲ್ಮರ್ ತಲೆಯೆತ್ತಿ ಮೈಕು ಬಾಯಿಗೆ ತಂದು ಮಾತು ಹಿಡಿದುಕೊಂಡರು.

ಆಗ ಹೇಳಬೇಕಿತ್ತು. ಬಾಯಿ ತೆರೆದದ್ದೂ ನಿಜ. ಅವರ ಬೆನ್ನು ನನ್ನ ಕಡೆಗಿತ್ತು. ಕೋಟಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಅವರು ಒಂದು ಕೈ ಎತ್ತಿ ಬೆರಳಿನಲ್ಲಿ ಏನನ್ನೋ ಎಣಿಸುತ್ತಿದ್ದರು. ನಾನು ಸುಮ್ಮನೆ ಕೂತು ನಂಬರು ಒತ್ತುತ್ತಲೇ ಇದ್ದೆ. ಇನ್ನೂ ಇಪ್ಪತ್ತು ನಿಮಿಷ ಅವರು ನಮ್ಮ ಸೋಫಾಕ್ಕೆ ಡೈಚ್‌ನಲ್ಲಿ ಪ್ರಸಂಗ ಮಾಡಿದರು. ಲೈನು ಸಿಗಲೇ ಇಲ್ಲ. ಕೊನೆಗೆ ಕೈಯೆತ್ತಿ ಆಶೀರ್ವಾದ ಹೇಳಿದರು. ಪ್ರಮೀಳಾ, ರೀನಾ ಆಮೆನ್ ಎಂದರು. ಉಸ್ಮಾನಾಕನೂ ಆಮೀನ್ ಎಂದರು. ಎಲ್ಮರ್ ಕರವಸ್ತ್ರದಿಂದ ಮುಖ ಒರಸಿಕೊಂಡು ತಿರುಗುವ ಮೊದಲು ನಾನು ಕಂಪ್ಯೂಟರ್ ಆರಿಸಿಬಿಟ್ಟೆ.

"ಕೇಳಿಸಿರಬಹುದಾ?" ಎಂದರು.

"ಕೇಳಿಸಿರಬೇಕು ಸರ್."

ಅವರು ಹೋದ ಮೇಲೆ ಪ್ರಮೀಳಾ ಕೇಳಿದಳು: "ನಿಮಗೆ ಎಂತಾಯ್ತು? ಮುಖ ಯಾಕೆ ಹಾಗೆ?" ಹೇಳಿದೆ. ಅರ್ಜಿಯ ವಿಷಯವನ್ನೂ ಹೇಳಿದೆ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. "ನಾಳೆಯೇ ಹೋಗಿ ಹೇಳಿಬಿಡಿ. ಎರಡನ್ನೂ. ಅವರ ಎದುರು ಕೂತು ಇನ್ನು ಶುಕ್ರವಾರ ಹೇಗೆ ಕಣ್ಣು ಮುಚ್ಚುತ್ತೀರಿ?"

ಮರುದಿನ ಅವರೇ ನನ್ನ ಮೇಜಿಗೆ ಬಂದರು. ಡೋರಿಸಳ ಇಮೇಲು ಮುದ್ರಿಸಿ ತಂದಿದ್ದರು. ಚರ್ಚಿಗೆ ಹದಿನೇಳು ಜನ ಬಂದಿದ್ದರು. ಹತ್ತು ನಿಮಿಷ ಚೆನ್ನಾಗಿ ಕೇಳಿಸಿತು. ಆಮೇಲೆ ಯಾರೋ ಒಬ್ಬರು ಬಹಳ ಇಂಪಾಗಿ ಹಾಡಲು ಶುರುಮಾಡಿದರು, ಅಷ್ಟರಲ್ಲಿ ನಿಂತುಹೋಯಿತು. ಮುಂದಿನ ಬೆಂಚಿನ ಒಬ್ಬ ಮುದುಕರು, ಇದು ಯಾವ ಕಡೆಯ ಡೈಚ್, ನಮ್ಮ ಅಪ್ಪ ಹೀಗೆ ಹಾಡುತ್ತಿರಲಿಲ್ಲ ಎಂದರಂತೆ. ಕಾಲು ಗಂಟೆ ಕಾದು, ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡಿ ಎಲ್ಲರೂ ಹೋದರಂತೆ.

"ನೀವು ಪರದೆ ನೋಡುತ್ತಿದ್ದಿರಿ ಎಡ್ವಿನ್. ಯಾವಾಗ ಹೋಯಿತು?"

ಸೆಕ್ರೆಟರಿ ಪಕ್ಕದಲ್ಲಿದ್ದ, ಇಬ್ಬರು ವಿದ್ಯಾರ್ಥಿಗಳು ಕೌಂಟರಿನಲ್ಲಿದ್ದರು. ಇವು ಕಾರಣಗಳಲ್ಲ. "ನನಗೆ ಗೊತ್ತಾಗಲಿಲ್ಲ ಸರ್," ಎಂದೆ. ಅವರು ತಲೆಯಾಡಿಸಿ ಕಾಗದ ಮಡಚಿಕೊಂಡು ತರಗತಿಗೆ ಹೋದರು.

ಈದ್ ಬಂತು, ಮುದೀರ್ ಬಂದರು, ಚಳಿ ಬಂತು. ಶುಕ್ರವಾರಗಳು ನಡೆದವು. ಜನವರಿಯ ಒಂದು ಬೆಳಿಗ್ಗೆ ಜೆರಾಕ್ಸ್ ಯಂತ್ರದ ಬಳಿ ನಾವಿಬ್ಬರೇ ಇದ್ದೆವು. ಅವರು ಪರೀಕ್ಷೆಯ ಹಾಳೆಗಳನ್ನು ಇಡುತ್ತ, ಕಾಗದ ಮುಗಿದಿದೆ ಎನ್ನುವ ಧಾಟಿಯಲ್ಲಿ ಹೇಳಿದರು: "ಕಮಿಟಿಯ ಪತ್ರ ಬಂದಿದೆ. ಈ ವರ್ಷದ ಕ್ಯಾಲೆಂಡರಿನಲ್ಲಿ ಡೈಚ್ ಆರಾಧನೆ ಇಲ್ಲ."

ಆಗ ಹೇಳಿದೆ. ಡ್ರಾಯ‌ರಿನಲ್ಲಿ ಎರಡು ದಿನ ಇಟ್ಟದ್ದು, ಏಕೆ ಇಟ್ಟದ್ದು, ಇದ್ರೀಸ್ ನಕ್ಕದ್ದು, ಬಾಂಗಿನ ಹೊತ್ತಿಗೆ ಗೆರೆ ಬೂದಿಯಾದದ್ದು, ನಾನು ಸುಮ್ಮನಿದ್ದದ್ದು. ಯಂತ್ರ ಹಾಳೆಗಳನ್ನು ಒಂದೊಂದಾಗಿ ಹೊರಗೆ ತಳ್ಳುತ್ತಿತ್ತು. ಅವರು ಕೊನೆಯ ಹಾಳೆಯವರೆಗೆ ಕಾದರು.

"ಲೈನಿನ ವಿಷಯ ಬಿಡಿ," ಎಂದರು. "ಆಗಲೇ ಹೇಳಿದ್ದರೆ ನಾನು ಅಲ್ಲೇ ನಿಲ್ಲಿಸುತ್ತಿದ್ದೆ. ಅದೇ ಕೊನೆಯದಾಯಿತು. ಕೊನೆಯದನ್ನು ಪೂರ್ತಿ ಹೇಳಿ ಮುಗಿಸಿದ್ದೇನೆ. ನಿಮ್ಮ ಹೆಂಡತಿ, ಮಗಳು, ಅಂಗಡಿಯವರು ಕೂತು ಕೇಳಿದ್ದಾರೆ. ಅದಕ್ಕೆ ನನ್ನ ಸಿಟ್ಟಿಲ್ಲ."

ಹಾಳೆಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಿದರು.

"ಆ ಎರಡು ದಿನ ಬೇರೆ. ಅದು ನಾನು ಬರೆದ ಶಬ್ದ. ಅದನ್ನು ನಾನು ಹೆದರದೆ ಬರೆದಿದ್ದೆ. ನೀವು ನನ್ನನ್ನು ಕೇಳದೆ ತೆಗೆದಿರಿ. ಅದನ್ನು ಈಗ ಕ್ಷಮಿಸಿದೆ ಎಂದರೆ ಸುಳ್ಳಾಗುತ್ತದೆ. ಪಾದ್ರಿ ಅಂತ ಕೂಡಲೇ ಹೇಳಿಬಿಡಲು ಬರುವುದಿಲ್ಲ. ಮುಂದೆ ಯಾವತ್ತಾದರೂ ಕೇಳಿ. ಕೇಳಿದರೆ ಉತ್ತರ ಹೇಳುತ್ತೇನೆ."

ಅವರು ಶುಕ್ರವಾರ ಬರುವುದನ್ನು ಬಿಡಲಿಲ್ಲ. ರೀನಾಳಿಗೆ ಚೀಟಿಗಳಲ್ಲಿ ತುಳು ಶಬ್ದ ಬರೆಸುತ್ತಿದ್ದರು. ಅವಳು ಅಜ್ಜಿಗೆ ಫೋನು ಮಾಡಿ ಕೇಳಿ ಬರೆಯುತ್ತಿದ್ದಳು. ನನ್ನ ಜೊತೆಗೂ ಮಾತಿತ್ತು. ಆದರೆ ಆಫೀಸಿನಲ್ಲಿ ನಾನು ಮಿಸ್ಟರ್ ಎಡ್ವಿನ್ ಆದೆ. ಫೆಬ್ರವರಿಯಲ್ಲಿ ಕೇಳೋಣ ಎಂದುಕೊಂಡೆ, ಇನ್ನೂ ಬೇಗವಾಯಿತು ಎನಿಸಿತು. ಈಸ್ಟರಿಗೆ ಕೇಳೋಣ ಎಂದುಕೊಂಡೆ. ಹಬ್ಬದ ದಿನ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತಾಗುತ್ತದೆ ಎನಿಸಿತು. ಪ್ರಮೀಳಾ ಎರಡು ಸಲ ನೆನಪಿಸಿ ಬಿಟ್ಟಳು.

ಜೂನಿನಲ್ಲಿ ಅವರ ಕರಾರು ಮುಗಿಯಿತು. ಅವರ ಕೊನೆಯ ಪರ್ಮಿಟ್ ಅರ್ಜಿಗೆ ಕೊಟ್ಟ ದಿನವೇ ಸಹಿ ಮಾಡಿಸಿದೆ. ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋದೆ. ಬೆಳಿಗ್ಗೆ ಹತ್ತರ ವಿಮಾನ. ಎಂಟಕ್ಕೇ ಬಿಸಿಲು ಕಣ್ಣು ಚುಚ್ಚುತ್ತಿತ್ತು. ದಾರಿಯಲ್ಲಿ ಶೂ ಪೆಟ್ಟಿಗೆಗಳ ಬಗ್ಗೆ ಮಾತಾಡಿದರು. ಚೀಟಿಗಳನ್ನು ಯಾವುದಾದರೂ ಗ್ರಂಥಾಲಯಕ್ಕೆ ಕೊಡಬೇಕು, ಯಾರಾದರೂ ಬೇಕೆಂದರೆ. ನಾನು ಕೇಳಬೇಕಾದ ಮಾತನ್ನು ಬಿಟ್ಟು ಹೌದು ಸರ್, ಹೌದು ಸರ್ ಎಂದೆ.

ಪ್ರಯಾಣಿಕರು ಮಾತ್ರ ಹೋಗುವ ಬಾಗಿಲ ಬಳಿ ಕೈಕುಲುಕಿದೆವು. ಅವರು ಎರಡು ಹೆಜ್ಜೆ ಹೋಗಿ ಚೀಲ ಕೆಳಗಿಟ್ಟು ನನ್ನ ಕಡೆ ತಿರುಗಿ ನಿಂತರು. ಹಿಂದಿನವರು ಅವರನ್ನು ಬಳಸಿಕೊಂಡು ಹೋಗುತ್ತಿದ್ದರು. ಪಾಸ್‌ಪೋರ್ಟ್ ಎಲ್ಲಿಟ್ಟೆ ಎಂದು ಯೋಚಿಸುತ್ತಿದ್ದಾರೆ ಎಂದು ನಾನು ತಿಳಿದೆ. ಅಥವಾ ಹಾಗೆ ತಿಳಿಯುವುದು ನನಗೆ ಸುಲಭವಾಗಿತ್ತು.

"ಅಂಗಿಯ ಜೇಬಿನಲ್ಲಿದೆ ಸರ್," ಎಂದೆ.

ಅವರು ಜೇಬು ಮುಟ್ಟಿ ನೋಡಿಕೊಂಡರು. "ಹೌದು. ಇದೆ," ಎಂದು ಚೀಲ ಎತ್ತಿಕೊಂಡು ಒಳಗೆ ಹೋದರು.